ಆಳಿನ ಕಿಡ್ನಿ

೧೯೬೧ರಲ್ಲಿ ನಾನು ಸಾಲಿ ಬಿಟ್ಟೆ. ಬಿಟ್ಟೆ ಅನ್ನುವುದು ಸುಳ್ಳು, ಬಿಡಿಸಿದರು. ಸಿರುಗುಪ್ಪದ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದೆ. ಆ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ಅದೇ ಬೇಸಿಗೆಯಲ್ಲಿ ಅಣ್ಣನಿಗೆ ಡಾಕ್ಟರ್ ಓದಲು ಸೀಟು ಸಿಕ್ಕಿತು. ಅಪ್ಪನನ್ನು ಮಣ್ಣು ಮಾಡಿ ಬಂದು ವಾರ ಆಗಿರಲಿಲ್ಲ, ಅಣ್ಣ ನನ್ನನ್ನು ಕೊಟ್ಟಿಗೆಗೆ ಕರೆದು, ಎತ್ತಿನ ಬೆನ್ನ ಮೇಲೆ ಕೈ ಇಟ್ಟುಕೊಂಡು ಹೇಳಿದ:

“ಇಬ್ಬರೂ ಓದಿದರ ಇವನ್ನ ಹೊಡಿಯೋರು ಯಾರಲೇ? ನೀನು ಹೊಲ ನೋಡು. ನಾನು ಓದಿದ್ದು ನಿನಗೂ ಬರತೈತಿ.”

ನಂಬಿದೆ. ಅವನು ಓದಿದ್ದು ನನಗೆ ಹೆಂಗೆ ಬಂತು ಅನ್ನುವುದನ್ನು ಬರೆಯಲಿಕ್ಕೆಂದೇ ಕುಳಿತಿದ್ದೇನೆ. ಇಷ್ಟಕ್ಕೆ ಒಂಬತ್ತನೇ ಕ್ಲಾಸಿನ ಕನ್ನಡ ಸಾಕು.

ನಮ್ಮದು ದೇಶನೂರು. ಕಾಲುವೆ ನೀರು, ಭತ್ತದ ಗದ್ದೆ. ನಾನು ಬೆಳಿಗ್ಗೆ ಕೆಸರಿಗೆ ಇಳಿದರೆ ಹೊತ್ತು ಮುಳುಗಿದ ಮೇಲೆ ಕಾಲು ತೊಳೆಯುತ್ತಿದ್ದೆ. ನನ್ನ ನೇಗಿಲಿನ ಸಾಲು ನೋಡಿ ಹಿರಿಯರು ತಮ್ಮ ಮಕ್ಕಳಿಗೆ ಬೈಯುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಹೇಳುತ್ತಿದ್ದೇನೆ ಅಂತ ತಿಳಿದರೂ ತಪ್ಪಿಲ್ಲ, ಅದು ನಾನು ದುಡಿದು ಗಳಿಸಿದ ಜಂಬ.

ನಮ್ಮ ಮನೆಯ ಎರಡು ಸಂಗತಿ ಇಲ್ಲೇ ಹೇಳಿಬಿಡಬೇಕು. ಒಂದು ಕರಡಿಗಿ. ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಡಬ್ಬಿ. ಅಪ್ಪ ಬದುಕಿದ್ದಾಗ ಅವ್ವನ ಕಾಲಿನ ಕಡಗ ಕರಗಿಸಿ, ಕುರುಗೋಡಿನ ಪತ್ತಾರನ ಕೈಲಿ ನಮ್ಮಿಬ್ಬರಿಗೂ ಒಂದೇ ತೂಕದ, ಒಂದೇ ಅಚ್ಚಿನ ಎರಡು ಕರಡಿಗಿ ಮಾಡಿಸಿದ್ದ. ಮುಚ್ಚಳದ ಮೇಲೆ ಮಲಗಿದ ಬಸವಣ್ಣ. ಪತ್ತಾರನ ಕೈ ತಪ್ಪಿ ಎರಡರಲ್ಲೂ ಬಸವಣ್ಣನ ಒಂದು ಕೊಂಬು ಗಿಡ್ಡ ಆಗಿತ್ತು.

ಇನ್ನೊಂದು ಹೊಸ ಅಕ್ಕಿ. ಸುಗ್ಗಿಯಾದ ಮೇಲೆ ಹೊಸ ಅಕ್ಕಿಯ ಮೊದಲ ತುತ್ತು ಮನೆಯ ಹಿರಿಯ ಗಂಡಸಿನದು. ಅವನ ಬಾಯಿಗೆ ಬೀಳುವ ತನಕ ಉಳಿದವರು ಮುಟ್ಟುವ ಹಾಗಿಲ್ಲ. ಅಪ್ಪ ಹೋದ ಮೇಲೆ ಹಿರಿಯ ಅಂದರೆ ಅಣ್ಣ. ಅವನು ಎಲ್ಲಿ ಓದುತ್ತಿದ್ದರೂ ಪ್ರತಿ ವರ್ಷ ಒಂದು ಸಣ್ಣ ಚೀಲ ಹೆಗಲಿಗೇರಿಸಿಕೊಂಡು ಹೋಗಿ, ಅವನು ಉಂಡದ್ದನ್ನು ಕಣ್ಣಾರೆ ನೋಡಿ ಬಂದು ಹೇಳುತ್ತಿದ್ದೆ. ಆಮೇಲೆ ಅವ್ವ ಒಲೆಯ ಮೇಲೆ ಎಸರು ಇಡುತ್ತಿದ್ದಳು.

೧೯೭೦ರ ಸುಗ್ಗಿ ಹೊತ್ತಿಗೆ ಅಣ್ಣ ಬಳ್ಳಾರಿಯಲ್ಲಿ ಡಾಕ್ಟರಾಗಿ, ಇನ್ನೂ ದೊಡ್ಡ ಡಿಗ್ರಿಗೆ ರಿಸರ್ಚ್ ಮಾಡುತ್ತಿದ್ದ. ಒಂದು ದಿನ ಊರಿಗೆ ಬಂದವನು ಹೇಳಿದ:

“ತಮ್ಮಾ, ಎದಿ ಎಷ್ಟು ಕೆಲಸ ಮಾಡತೈತಿ ಅನ್ನೋದನ್ನ ಅಳೀಬೇಕಾಗೇತಿ. ಕುಂತು ಓದೋರ ಎದಿ ಒಂದು ಕಡಿ, ಮೈಮುರಿದು ದುಡಿಯೋರ ಎದಿ ಒಂದು ಕಡಿ. ಓದೋರು ಸಿಕ್ಕಾರ. ದುಡಿಯೋರನ್ನ ನೀನು ಕರಕೊಂಡು ಬಾ.”

ನನಗೆ ಹಿಗ್ಗು. ಅಣ್ಣನ ರಿಸರ್ಚಿಗೆ ನನ್ನ ಕೈ ಬೇಕಾಯಿತಲ್ಲ! ಸಿರುಗುಪ್ಪದ ಅಕ್ಕಿ ಮಿಲ್ಲಿನಿಂದ ಮೂವರು ಹಮಾಲರನ್ನು ಹೊರಡಿಸಿದೆ. ಅವರಲ್ಲಿ ಒಬ್ಬ ಗಿರಿಜಾ ಮೀಸೆಯವನು, ಬಾಯಿ ಬಿಟ್ಟರೆ ಹತ್ತು ಮಂದಿಯನ್ನು ನಗಿಸುವವನು. ಕುರುಗೋಡು ನನ್ನ ಹೆಂಡತಿಯ ತವರು, ಅಲ್ಲಿಂದ ಇಬ್ಬರು ಕಲ್ಲು ಒಡೆಯುವವರು ಬರುವುದಿತ್ತು. ಒಬ್ಬ ಬಂದ, ಇನ್ನೊಬ್ಬ ಸೂಜಿ ಚುಚ್ಚುತ್ತಾರೆಂದು ಯಾರೋ ಹೆದರಿಸಿದ್ದಕ್ಕೆ ಗುಡ್ಡ ಹತ್ತಿ ಕುಳಿತನಂತೆ. ಹೊಸ ಅಕ್ಕಿಯ ಚೀಲವನ್ನೂ ತಂದಿದ್ದೆ. ಬೆಳಿಗ್ಗೆ ಬಸ್ಸಿಳಿದು ಮೊದಲು ಅಣ್ಣನ ಮನೆಯ ಪಡಸಾಲೆಯಲ್ಲಿ ಅದನ್ನು ಇಳಿಸಿಯೇ ಕೆಲಸಕ್ಕೆ ಹೋದದ್ದು.

ಕೋಣೆಯ ಬಾಗಿಲಲ್ಲಿ ಅಣ್ಣ ನನ್ನ ಕಿವಿಯ ಹತ್ತಿರ ಬಂದ. “ಒಬ್ಬ ಕಡಿಮಿ ಬಿದ್ದಾನ. ನೀನೂ ಹತ್ತು. ಒಳಗ ಅಣ್ಣ ಅನಬ್ಯಾಡ, ಸರ್ ಅನ್ನು.”

ಕೆಲಸದ ಜಾಗ, ಮರ್ಯಾದೆ ಇರಬೇಕು, ಸರಿ ಅಂದುಕೊಂಡೆ.

ಒಳಗೆ ಒಂದು ಕಟ್ಟಿಗೆಯ ಪೀಠ. ಪಕ್ಕದಲ್ಲಿ ಟಕ್ ಟಕ್ ಅನ್ನುವ ಸಣ್ಣ ಯಂತ್ರ. ಅದರ ತಾಳಕ್ಕೆ ಸರಿಯಾಗಿ ಪೀಠ ಹತ್ತಬೇಕು, ಇಳಿಯಬೇಕು. ಗಂಟೆ ಬಾರಿಸಿದ ಮೇಲೆ ಕುಳ್ಳಿರಿಸಿ ನಾಡಿ ಎಣಿಸುತ್ತಾರೆ. ಏರಿದ ನಾಡಿ ಎಷ್ಟು ಬೇಗ ಇಳಿಯುತ್ತದೋ ಎದೆ ಅಷ್ಟು ಗಟ್ಟಿ ಅಂತ ಲೆಕ್ಕ. ನಮಗಿಂತ ಮುಂಚೆ ಹತ್ತಿದ ಕಾಲೇಜು ಹುಡುಗರು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದರು. ಮೀಸೆಯವನು ಪೀಠ ನೋಡಿ ಕೇಳಿದ:

“ಡಾಕ್ಟ್ರ, ಮೂಟಿ ಎಲ್ಲಿ ಐತ್ರಿ?”

“ಮೂಟಿ ಇಲ್ಲ. ಬರಿಗೈಲಿ ಹತ್ತು.”

“ಬರಿಗೈಲೇನ್ರಿ? ನಾಚಿಕಿ ಆಗತೈತಿ.”

ನನ್ನ ಸರದಿ ಬಂತು. ಗಂಟೆ ಬಾರಿಸಿದರೂ ಹತ್ತಿಳಿಯುತ್ತಲೇ ಇದ್ದೆ, ಹಿಡಿದು ನಿಲ್ಲಿಸಬೇಕಾಯಿತು. ಆಮೇಲೆ ಅಂಗಿ ಬಿಚ್ಚಿಸಿ ಮಲಗಿಸಿದರು. ಕೈಕಾಲಿಗೆ ಲೋಹದ ಪಟ್ಟಿ, ಎದೆಗೆ ತಣ್ಣನೆಯ ಮುಲಾಮು. ಇ.ಸಿ.ಜಿ. ತೆಗೆಯುವವನು ಕರಡಿಗಿ ತೆಗೆದಿಡು ಅಂದ.

“ಹೆಣ ಆದ ಮ್ಯಾಲೂ ಇದನ್ನ ಇಳಸಂಗಿಲ್ಲಪಾ,” ಅಂದೆ. ಹೆಗಲ ಮೇಲೆ ಸರಿಸಿಕೊಂಡೆ.

ಕಾಗದ ಸರಸರ ಹೊರಗೆ ಬಂತು. ಆ ಕೋಣೆಗೆಲ್ಲ ಹಿರಿಯರಾದ ಪ್ರೊಫೆಸರು, ಮೈಸೂರು ಕಡೆಯವರು, ಅಣ್ಣನಿಗೆ ಗುರು. ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಭೇಷ್! ಅಷ್ಟು ಹತ್ತಿಳಿದಿದ್ದಾನೆ, ನಾಡಿ ಆಗಲೇ ತಣ್ಣಗಾಗಿದೆ. ಎತ್ತಿನ ಹೃದಯ ಕಣಯ್ಯ ಇದು. ಯಾರಿವನು?”

ನಾನು ಮಲಗಿದ್ದಲ್ಲಿಂದಲೇ ನಗುವುದಕ್ಕೆ ತಯಾರಾದೆ. ನನ್ನ ತಮ್ಮ ಸರ್ ಅನ್ನುತ್ತಾನೆ, ಅವರು ನನ್ನ ಬೆನ್ನು ತಟ್ಟುತ್ತಾರೆ ಅಂತ.

“ನಮ್ಮ ಹೊಲದ ಆಳು, ಸರ್,” ಅಂದ ಅಣ್ಣ.

ಪ್ರೊಫೆಸರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. “ಮೂಗು ನಿನ್ನ ಹಾಗೇ ಇದೆಯಲ್ಲ?”

ಅಣ್ಣ ನಕ್ಕ. “ಒಂದೇ ಕಾಲುವೆ ನೀರು ಕುಡಿದವರು, ಸರ್.”

ಮುಲಾಮು ಒರೆಸಿಕೊಳ್ಳಲು ಯಾರೋ ಹತ್ತಿ ಕೊಟ್ಟರು. ನಾನು ನನ್ನ ಟವೆಲ್ಲಿನಿಂದಲೇ ಒರೆಸಿಕೊಂಡೆ. ಬಾಗಿಲಲ್ಲಿ ಹಮಾಲರು ಮೂವರೂ ನಿಂತಿದ್ದರು. ಎಲ್ಲ ಕೇಳಿಸಿತ್ತು. ನಾನು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನೆಟ್ಟಗೆ ಅಣ್ಣನ ಮನೆಗೆ ಹೋದೆ. ಪಡಸಾಲೆಯ ಅಕ್ಕಿ ಚೀಲ ಮತ್ತೆ ಹೆಗಲಿಗೆ ಏರಿಸಿದೆ. ಅತ್ತಿಗೆ ಹೊರಗೆ ಬಂದರು.

“ಯಾಕ್ರೀ, ಹಿಂದಕ್ಕ ಒಯ್ಯಾಕ ಹತ್ತೀರಿ?”

“ಆಳು ಮನಿ ತಪ್ಪಿ ಇಳಿಸಿದ್ದ, ಅತ್ತಿಗಿ.”

ಸಿರುಗುಪ್ಪದ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಮೀಸೆಯವನು. ಊರು ದಾಟುವ ತನಕ ತಡೆದುಕೊಂಡಿದ್ದ. ಆಮೇಲೆ ಶುರು ಮಾಡಿದ:

“ಆಳಪ್ಪಾ, ವರ್ಷಕ್ಕ ಸಂಬಳ ಏನು ಗೊತ್ತು ಮಾಡ್ಯಾರ ಗೌಡ್ರು?”

“ಉಣ್ಣಾಕ ಅವರೇ ಹಾಕ್ತಾರೋ, ಬುತ್ತಿ ನಿಂದೋ?” ಇನ್ನೊಬ್ಬ.

“ಕಂಬಳಿ, ಕೆರ ಕೊಡಸ್ತಾರೇನು ಕೇಳಲೇ!”

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರನೂ ನಕ್ಕ. ಆವತ್ತಿನಿಂದ ಸಿರುಗುಪ್ಪದ ಮಿಲ್ಲಿನಲ್ಲಿ, ಸಂತೆಯಲ್ಲಿ, ದೇಶನೂರಿನ ಕಟ್ಟೆಯ ಮೇಲೆ ನನಗೆ ಅದೇ ಹೆಸರು ನಿಂತಿತು. ನಾನು ಭತ್ತದ ಗಾಡಿ ಹೊಡೆದುಕೊಂಡು ಮಿಲ್ಲಿಗೆ ಹೋದರೆ, “ಡಾಕ್ಟರ ಆಳು ಬಂದ, ದಾರಿ ಬಿಡ್ರಪಾ” ಅನ್ನುವರು.

ಆವತ್ತು ಮನೆಗೆ ಬಂದವನೇ ಚೀಲ ಬಿಚ್ಚಿ ಅನ್ನ ಮಾಡು ಅಂತ ಹೆಂಡತಿಗೆ ಹೇಳಿದೆ. ತಟ್ಟೆಗೆ ಬಡಿಸಿಕೊಂಡು ಮೊದಲ ತುತ್ತು ನಾನೇ ಬಾಯಿಗೆ ಹಾಕಿಕೊಂಡೆ. ಅವ್ವ ಒಲೆಯ ಮುಂದಿನಿಂದ ನೋಡುತ್ತಿದ್ದಳು.

“ಅವನು ಉಂಡನೇನು?”

“ಇಲ್ಲ. ಇನ್ನು ಮ್ಯಾಲೆ ಈ ಹೊಲದ ಅಕ್ಕಿ ಅವನು ಮೊದಲು ಉಣ್ಣಂಗಿಲ್ಲ.”

ಏನಾಯಿತು ಅಂತ ಹೇಳಿದೆ. ಪೂರ್ತಿ ಕೇಳಿದಳು. ಅವನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ.

“ನಿಮ್ಮ ಜಗಳ ನಿಮಗ. ಹಿರಿಯ ಮೊದಲು ಉಣ್ಣದ ಅನ್ನ ನನಗ ಬ್ಯಾಡ,” ಅಂದಳು. ರೊಟ್ಟಿಗೆ ಹಿಟ್ಟು ನಾದಿದಳು. ಸುತ್ತ ಕಣ್ಣು ಹಾಯುವಷ್ಟು ದೂರ ಭತ್ತ, ಮನೆಯ ಅಟ್ಟದ ತುಂಬ ಭತ್ತ, ನಮ್ಮವ್ವ ಮಾತ್ರ ಜೋಳದ ರೊಟ್ಟಿ.

ಹಂಗೇ ವರ್ಷಗಳು ಹೋದವು. ಅಣ್ಣ ಬಳ್ಳಾರಿಯಲ್ಲಿ ಎದೆ ರೋಗಕ್ಕೆ ಹೆಸರಾದ ಡಾಕ್ಟರಾದ. ಹೊಲದಲ್ಲಿ ಅವನ ಪಾಲು ಅವನು ಕೇಳಲಿಲ್ಲ, ನಾನೂ ಕೊಡಲಿಲ್ಲ. ನಾನು ಅವನ ಹೊಸ್ತಿಲು ತುಳಿಯಲಿಲ್ಲ. ಅವನು ಒಂದಲ್ಲ ಒಂದು ದಿನ ನನ್ನ ಬಾಗಿಲಿಗೆ ಬರಬೇಕು, ಬಂದಾಗ ನಾನು ನೀರಿನ ಚೊಂಬನ್ನೂ ಕೊಡದೆ ನಿಲ್ಲಿಸಬೇಕು. ನೇಗಿಲ ಹಿಂದೆ ನಡೆಯುವವನಿಗೆ ಯೋಚನೆಗೆ ಬೇಕಾದಷ್ಟು ಹೊತ್ತು ಇರುತ್ತದೆ. ನಾನು ಆ ಹೊತ್ತನ್ನೆಲ್ಲ ಇದಕ್ಕೇ ಸುರಿದೆ.

೧೯೮೨ರಲ್ಲಿ ಬಂದ.

ಅವನಿಗಿಂತ ಮೊದಲು ಅತ್ತಿಗೆ ಬಂದರು. ಅಣ್ಣನ ಎರಡೂ ಕಿಡ್ನಿ ಕೆಟ್ಟಿವೆ, ಮದ್ರಾಸ್ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಾಕಿ ರಕ್ತ ತೊಳೆಯುತ್ತಿದ್ದಾರೆ, ಅದು ಬಹಳ ದಿನ ನಡೆಯುವ ಮಾತಲ್ಲ. ಬೇರೆಯವರ ಕಿಡ್ನಿ ಕಸಿ ಮಾಡಬೇಕು. ಎಲ್ಲರದೂ ಆಗುವುದಿಲ್ಲ. ಒಳಗೆ ಇಟ್ಟದ್ದು ಪರರದು ಅಂತ ಮೈಗೆ ಗೊತ್ತಾದರೆ ಅದನ್ನು ಕೊಂದುಹಾಕುತ್ತದಂತೆ. ಒಡಹುಟ್ಟಿದವರದಾದರೆ ಉಳಿಯುವ ಆಸೆ ಹೆಚ್ಚು. ಅವ್ವನಿಗೆ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಬೇರೆ. ಅವಳದು ಬೇಡ ಅಂದಿದ್ದರು. ಇನ್ನು ಉಳಿದವನು ನಾನೊಬ್ಬ.

ಅದನ್ನು ಕೇಳಿ ನನಗೆ ಮೊದಲು ಹೊಳೆದದ್ದು ಇದು: ಅಣ್ಣನ ಮೈಗೆ ಇರುವ ಬುದ್ಧಿ ಅಣ್ಣನಿಗೆ ಇರಲಿಲ್ಲ. ಮೈಗೆ ತನ್ನವರು ಯಾರು, ಪರರು ಯಾರು ಅಂತ ಗೊತ್ತಾಗುತ್ತದೆ.

ನನ್ನ ಹೆಂಡತಿ ಕುರುಗೋಡಿನ ಕಲ್ಲಿನಂಥವಳು, ಬಾಗಿಲಿಗೆ ಒರಗಿ ನಿಂತು ಕೇಳಿದಳು: “ಅಲ್ರೀ ಅಕ್ಕಾ, ಆಳಿನ ಕಿಡ್ನಿ ಡಾಕ್ಟ್ರಿಗೆ ಹೊಂದತೈತೇನ್ರೀ?”

ನಾನು ಅಂದೆ, “ಕೇಳೋರು ತಮ್ಮ ಬಾಯಿಲೆ ಕೇಳಲಿ, ಅತ್ತಿಗಿ.”

ಮುಂದಿನ ವಾರ ಅವನೇ ಬಂದ. ಮುಖ ಊದಿತ್ತು, ಕಾಲು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಕಾರಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಎರಡು ಸಲ ನಿಂತ. ನೀರು ಕೊಡಬಾರದು ಅಂತ ಅಷ್ಟು ವರ್ಷ ಕಾದಿದ್ದೆನಲ್ಲ, ಅವನೇ ಬೇಡ ಅಂದ. ನೀರು ಕುಡಿಯುವುದಕ್ಕೂ ಅವನಿಗೆ ಅಳತೆ ಹಾಕಿದ್ದರಂತೆ. ನನ್ನ ಒಂದು ಸೇಡು ಹಾಗೆ ಕೈತಪ್ಪಿತು.

“ನನಗ ಬದುಕಬೇಕನಸೇತಿ, ತಮ್ಮಾ,” ಅಂದ.

“ಆವತ್ತು ಯಾಕ ಹಂಗಂದಿ?”

“ಅದನ್ನ ಈಗ ಯಾಕ ಕೆದಕತೀ? ರಿಸರ್ಚಿನ ನಿಯಮ ಹಂಗಿತ್ತು. ಅಳತಿ ಮಾಡೋನ ರಕ್ತಸಂಬಂಧಿಗಳನ್ನ ಲೆಕ್ಕಕ್ಕ ತಗೊಳಂಗಿರಲಿಲ್ಲ. ಒಬ್ಬ ಕಡಿಮಿ ಬಿದ್ದಿದ್ದ.”

“ಈಗಿನ ನಿಯಮ ಏನು?”

“ರಕ್ತಸಂಬಂಧಿನೇ ಆಗಬೇಕು.”

“ಎರಡೂ ನಿಯಮ ನಿನಗ ಬೇಕಾದಂಗ ಅದಾವ ನೋಡು.”

ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಕೊಡು ಅಂತ ಅವಳು ಕೇಳಿದ್ದರೆ ನಾನು ಇಲ್ಲ ಅನ್ನಬಹುದಿತ್ತು. ಕೇಳಲಿಲ್ಲ.

“ಕೊಡ್ತೀನಿ,” ಅಂದೆ. “ಹೊರಡಾಕ ಮೊದಲು ನನ್ನ ಎದಿ ಗಟ್ಟಿ ಐತೋ ಇಲ್ಲೋ ನೋಡಬೇಕಲ್ಲ? ನಿನ್ನ ಪ್ರೊಫೆಸರ ಕೈಲೇ ನೋಡಸು. ನನ್ನ ಜೋಡಿ ಹಮಾಲರು ಬರ್ತಾರ. ಅವರ ಮುಂದ, ಇವರ ಮುಂದ, ನಾನು ಯಾರು ಅಂತ ಹೇಳು. ಇಷ್ಟಾದ ಮ್ಯಾಲೆ ನನ್ನ ಎಲ್ಲಿ ಬೇಕಾದರೂ ಕೊಯ್ಯಿ.”

“ಅವರ ಮುಂದ ಬ್ಯಾಡೋ. ನನ್ನ ಬಗ್ಗೆ ಅವರು ಏನು ತಿಳಕೋತಾರ?”

“ಸತ್ತಮ್ಯಾಲೆ ಏನು ತಿಳಕೊಂಡರೇನು?”

ಈ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಪ್ರೊಫೆಸರು ನಿವೃತ್ತರಾಗಿ ಬಳ್ಳಾರಿಯಲ್ಲೇ ಮನೆಯ ಮುಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಅಂಗಿ ಬಿಚ್ಚಿ, ಕರಡಿಗಿ ಹೆಗಲಿಗೆ ಸರಿಸಿ ಮಲಗಿದೆ. ಅದೇ ತಣ್ಣನೆ ಮುಲಾಮು. ಹಮಾಲರು ಮೂವರೂ ತೊಳೆದ ಅಂಗಿ ತೊಟ್ಟು ಗೋಡೆಗೆ ಸಾಲಾಗಿ ನಿಂತಿದ್ದರು. ಮೀಸೆ ನರೆತಿತ್ತು, ಆದರೂ ಎಣ್ಣೆ ಹಚ್ಚಿ ತಿರುವಿಕೊಂಡು ಬಂದಿದ್ದ.

ಪ್ರೊಫೆಸರು ಕಾಗದ ನೋಡಿದರು. “ಹೃದಯ ಚೆನ್ನಾಗಿದೆ. ಧೈರ್ಯವಾಗಿ ಕೊಡಬಹುದು.” ಕನ್ನಡಕ ತೆಗೆದು ಅಣ್ಣನ ಕಡೆ ತಿರುಗಿ ಕೇಳಿದರು, “ಯಾರಯ್ಯ ಇವರು?”

ಅಣ್ಣ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತ.

“ನನ್ನ ತಮ್ಮ, ಸರ್. ನನ್ನ ಬೆನ್ನಿಗೆ ಬಿದ್ದವನು. ಆವತ್ತೂ ತಮ್ಮನೇ. ನಾನು ಸುಳ್ಳು ಹೇಳಿದ್ದೆ.”

ಮೀಸೆಯವನು ಕೈ ಮುಗಿದು, “ಡಾಕ್ಟ್ರ, ಇನ್ನೊಮ್ಮೆ ಹೇಳ್ರಿ. ನಮ್ಮಾಂವಗ ಕಿವಿ ಸ್ವಲ್ಪ ಮಂದ,” ಅಂದ.

ಅಣ್ಣ ಇನ್ನೊಮ್ಮೆ ಹೇಳಿದ. ಹೇಳುವಾಗ ನನ್ನ ಮುಖ ನೋಡಿಯೇ ಹೇಳಿದ.

ಪ್ರೊಫೆಸರು ನಗಲಿಲ್ಲ. ಅಣ್ಣನ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಬೆರಳು ಹಾಕಿ ದಾರ ಎಳೆದರು. ಕರಡಿಗಿ ಹೊರಗೆ ಬಂತು.

“ಯಂತ್ರ ಕಲಿಯುವಾಗ ನೀವು ಹುಡುಗರು ಒಬ್ಬರ ಇ.ಸಿ.ಜಿ. ಒಬ್ಬರು ತೆಗೀತಿದ್ದಿರಿ. ನೀನೂ ಇದನ್ನು ಹೀಗೇ ಹೆಗಲಿಗೆ ಸರಿಸಿಕೊಂಡು ಮಲಗ್ತಿದ್ದೆ. ಒಂದು ಕೊಂಬು ಗಿಡ್ಡ ಇರೋ ಬಸವಣ್ಣ ಊರಲ್ಲಿ ಎಷ್ಟು ಇರುತ್ತಪ್ಪ? ಕೊನೆಯ ಲೆಕ್ಕ ನನ್ನ ಕೈಯಲ್ಲೇ ಇತ್ತಲ್ಲ, ಆವತ್ತು ಸಂಜೆಯೇ ಇವರದನ್ನು ತೆಗೆದುಹಾಕಿದೆ. ನಿನ್ನ ಕೆಲಸ ಇವರಿಲ್ಲದೆಯೇ ಪಾಸಾಯಿತು. ನೀನಾಗೇ ಬಂದು ಹೇಳ್ತೀಯ ಅಂತ ಕಾದೆ. ಹೇಳಲಿಲ್ಲ.”

ಅಣ್ಣನ ಮುಖ ಆಗ ನೋಡಬೇಕಿತ್ತು. ಅವನ ಸುಳ್ಳು ಯಾವ ಉಪಯೋಗಕ್ಕೂ ಬಂದಿರಲಿಲ್ಲ. ನನ್ನನ್ನು ಆಳು ಮಾಡಿ ಅವನು ಗಳಿಸಿದ್ದು ಏನೂ ಇರಲಿಲ್ಲ. ಅಷ್ಟು ವರ್ಷದ ನನ್ನ ಬೆಂಕಿಗೆ ಒಂದು ಕೊಡ ತುಪ್ಪ ಸುರಿದ ಹಾಗಾಯಿತು, ಹೊಟ್ಟೆ ತುಂಬ ಸುಖಪಟ್ಟೆ. ಒಂದೇ ಒಂದು ಕಸಿವಿಸಿ: ನನ್ನ ಎದೆಯೂ ಆ ಲೆಕ್ಕದಲ್ಲಿ ಇರಲಿಲ್ಲವಲ್ಲ! ಗಂಟೆ ಬಾರಿಸಿದ ಮೇಲೂ ಹತ್ತಿಳಿದಿದ್ದೆ.

ಹೊರಗೆ ಬಂದು ಹಮಾಲರಿಗೆ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿನ್ನಿಸಿದೆ. ಮೀಸೆಯವನು ಮೆಣಸಿನಕಾಯಿ ಕಚ್ಚುತ್ತ, “ಇನ್ನ ಮಿಲ್ಲಿನಾಗ ನಿನ್ನ ಏನಂತ ಕರೀಬೇಕೋ ಮಾರಾಯ? ಹಳೇ ಹೆಸರು ರೂಢಿ ಆಗೇತಿ,” ಅಂದ. ಆದರೆ ಆವತ್ತು ಸಂಜೆಯೊಳಗೆ ಸಿರುಗುಪ್ಪದ ತುಂಬ ಸುದ್ದಿ ಹಬ್ಬಿಸಿದವನೂ ಅವನೇ.

ಮದ್ರಾಸ್ ಕಡೆಯ ಆಸ್ಪತ್ರೆಯಲ್ಲಿ ನಮ್ಮಿಬ್ಬರ ರಕ್ತ ಕೂಡಿಸಿ ನೋಡಿದರು. ಅಣ್ಣತಮ್ಮಂದಿರಲ್ಲೂ ಎಲ್ಲರಿಗೂ ಪೂರ್ತಿ ಹೊಂದುವುದಿಲ್ಲವಂತೆ. ನಮ್ಮದು ಪೂರ್ತಿ ಹೊಂದಿತು. ಹೇಳಲು ಬಂದ ಡಾಕ್ಟರಿಗೆ ಖುಷಿಯೋ ಖುಷಿ. ಅಣ್ಣ ಗೋಡೆ ಕಡೆ ಹೊರಳಿದ.

ಆಪರೇಶನ್ನಿನ ದಿನ ಕರಡಿಗಿ ಇಳಿಸಲೇಬೇಕು ಅಂದರು. ಹೆಣವಾದರೂ ಇಳಿಸದ್ದನ್ನು ಬದುಕಿದ್ದಾಗಲೇ ಇಳಿಸಿದೆ, ಅವನಿಗಾಗಿ. ಇದನ್ನೂ ಅವನ ತಲೆಯ ಮೇಲೆ ಹೊರಿಸಿದ್ದೇನೆ. ಜೊತೆಗೆ ಬಂದಿದ್ದ ಅವ್ವ ಇಬ್ಬರ ಕರಡಿಗಿಯನ್ನೂ ಇಸಕೊಂಡಳು. ಅದಲುಬದಲು ಆಗಬಾರದೆಂದು ಹಿರಿಯನದು ಬಲ ಮುಷ್ಟಿ, ಕಿರಿಯನದು ಎಡ ಮುಷ್ಟಿ. ಮತ್ತೆ ನಮ್ಮ ಕೊರಳಿಗೆ ಕಟ್ಟುವ ತನಕ ಮುಷ್ಟಿ ಬಿಚ್ಚಲಿಲ್ಲ, ಹನಿ ನೀರು ಕುಡಿಯಲಿಲ್ಲ ಅಂತ ಹೆಂಡತಿ ಆಮೇಲೆ ಹೇಳಿದಳು.

ನನಗೆ ನೋವು ಬಹಳ ಇತ್ತು. ಪಕ್ಕೆಯಿಂದ ಬೆನ್ನಿನ ತನಕ ಕೊಯ್ದಿದ್ದರು, ಕೆಮ್ಮಿದರೆ ಜೀವ ಹೋದಂತೆ. ಎದ್ದು ನಿಲ್ಲುವಷ್ಟಾದ ಕೂಡಲೇ ಗೋಡೆ ಹಿಡಿದುಕೊಂಡು ಅಣ್ಣನ ಕೋಣೆಗೆ ಹೋದೆ. ಬಾಗಿಲಿಗಿಂತ ಒಳಗೆ ಬಿಡಲಿಲ್ಲ. ಮಂಚದ ಪಕ್ಕ ಗಾಜಿನ ಬಾಟಲಿ ತೂಗುತ್ತಿತ್ತು, ಅದರ ತುಂಬ ಮೂತ್ರ. ಎಷ್ಟೋ ತಿಂಗಳಿಂದ ಬತ್ತಿಹೋಗಿದ್ದದ್ದು ಕಾಲುವೆ ಬಿಟ್ಟಂತೆ ಹರಿದಿತ್ತು. ಮುಖದ ಊತ ಇಳಿದು ಅಪ್ಪನ ಮೂಗು ಮತ್ತೆ ಕಾಣುತ್ತಿತ್ತು.

“ಹೆಂಗದೀ?” ಅಂದ ಅವನು.

ಈ ಮಾತನ್ನು ನಾನು ಊರಿನಿಂದಲೇ ಕಟ್ಟಿಕೊಂಡು ಹೋಗಿದ್ದೆ. “ನಾನು ಇದನ್ನ ಪ್ರೀತಿಗೆ ಕೊಟ್ಟಿಲ್ಲ ಅಣ್ಣಾ, ತಿಳಕೋ. ಇನ್ನ ಮ್ಯಾಲೆ ನೀನು ಉಚ್ಚಿ ಹೊಯ್ಯಾಕ ಹೋದಾಗೊಮ್ಮೆ ನನ್ನ ನೆನಸಬೇಕು. ದಿನಾ. ಸಾಯೋ ತನಕ. ಅದಕ್ಕ ಕೊಟ್ಟೀನಿ.”

ಅವನು ಬಾಟಲಿಯ ಕಡೆ ಕಣ್ಣು ತಿರುಗಿಸಿದ. “ಬೆಳಿಗ್ಗಿಂದ ಅದನ್ನೇ ಮಾಡಾಕ ಹತ್ತೀನಿ,” ಅಂದ.

ನಗು ಬಂತು. ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂತು. ಅದು ಹೊಲಿಗೆಯ ನೀರು, ಬೇರೆ ಯಾರಾದರೂ ಬೇರೆ ಹೇಳಿದರೆ ನಂಬಬೇಡಿ.

ಮುಂದಿನ ಸುಗ್ಗಿಗೆ ಅವನು ದೇಶನೂರಿಗೆ ಬಂದ. ನಾನು ಕರೆದಿರಲಿಲ್ಲ. ಹೊಸ ಅಕ್ಕಿಯ ಅನ್ನ ಬೆಂದಿತ್ತು. ಅವ್ವ ಇಬ್ಬರ ಮುಂದೆಯೂ ತಟ್ಟೆ ಇಟ್ಟಳು. ಅವನು ಅನ್ನ ಮುಟ್ಟಲಿಲ್ಲ. ಕೈ ಮಡಿಲಲ್ಲಿ ಇಟ್ಟುಕೊಂಡು, “ನೀನು ಮೊದಲು ಉಣ್ಣು, ತಮ್ಮಾ,” ಅಂದ.

ಅವ್ವ ನನ್ನ ಮುಖ ನೋಡಿದಳು. ಇಲ್ಲ, ನೀನೇ ಹಿರಿಯ, ನೀನು ಉಣ್ಣು ಅಂದಿದ್ದರೆ ಆವತ್ತು ಅವಳ ರೊಟ್ಟಿಯ ವ್ರತ ಮುಗಿಯುತ್ತಿತ್ತು. ಅದು ನನಗೆ ಗೊತ್ತಿತ್ತು. ನಾನು ತುತ್ತು ಕಲಸಿ ಬಾಯಿಗೆ ಹಾಕಿಕೊಂಡೆ. ಆಮೇಲೆ ಅವನು ಉಂಡ. ಅವ್ವ ಎದ್ದು ಹೋಗಿ ಹಿಟ್ಟಿನ ಡಬ್ಬಿ ಇಳಿಸಿದಳು.

ಇವತ್ತಿಗೂ ಹಂಗೇ ನಡೆದಿದೆ. ಪ್ರತಿ ಸುಗ್ಗಿಗೆ ಅವನು ಬರುತ್ತಾನೆ. ಮೊದಲ ತುತ್ತು ನನ್ನದು, ಎರಡನೆಯದು ಅವನದು. ಅವ್ವನಿಗೆ ರೊಟ್ಟಿ. “ಸಾಕು ಮಾಡವ್ವಾ” ಅಂದರೆ, “ನೀವು ಸಾಕು ಮಾಡಿದ ದಿನ ನಾನೂ ಸಾಕು ಮಾಡ್ತೀನಿ” ಅನ್ನುತ್ತಾಳೆ. ನಮ್ಮಿಬ್ಬರ ಹಠ ಎಲ್ಲಿಂದ ಬಂತು ಅಂತ ಯಾರೂ ಕೇಳಬೇಕಾಗಿಲ್ಲ.

ಈಗ ನನಗೆ ಇರುವುದು ಇಷ್ಟು: ಆರು ಎಕರೆ ಗದ್ದೆ, ಅದರಲ್ಲಿ ಮೂರು ಅಣ್ಣನ ಪಾಲಿನದು. ಎರಡು ಎತ್ತು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ರೊಟ್ಟಿ ತಿನ್ನುವ ಅವ್ವ ಒಬ್ಬಳು. ಒಂದು ಕೊಂಬು ಗಿಡ್ಡ ಇರುವ ಬಸವಣ್ಣನ ಕರಡಿಗಿ ಒಂದು. ಪಕ್ಕೆಯಲ್ಲಿ ಒಂದು ಗೇಣು ಹೊಲಿಗೆಯ ಗುರುತು. ಹೃದಯ ಒಂದು. ಕಿಡ್ನಿ ಒಂದು. ಅಣ್ಣ ಒಬ್ಬ.